ಬತ್ತಿ ಹೊಸೆದು ಮಡಕೆ ಕಟ್ಟುವವರ ಪ್ರಶ್ನೆಗಳು

ತಿಗುರಿ (ಕುಂಬಾರನ ಚಕ್ರ) ಇಲ್ಲದೆ, ಮಣ್ಣಿನ ಬತ್ತಿಗಳನ್ನು ಒಂದರ ಮೇಲೊಂದು ಸುತ್ತಿ ಪಾತ್ರೆ ಕಟ್ಟುವ ವಿಧಾನದ ಬಗ್ಗೆ ಹೊಸದಾಗಿ ಕಲಿಯುತ್ತಿರುವವರು ಬರೆದು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಸ್ಟುಡಿಯೋಗಳಲ್ಲಿ ಕಾಯಿಲ್ ಎನ್ನುವುದೂ ಇದೇ ಬತ್ತಿಯನ್ನು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಮೊದಲ ಸಲ ಮಾಡುತ್ತಿದ್ದೇನೆ. ಒಂದು ಅಡಿ ಎತ್ತರದ ಹೂದಾನಿ ಕಟ್ಟಬೇಕೆಂದಿದೆ. ಎಷ್ಟು ಮಣ್ಣು ಬೇಕು? ಬತ್ತಿ ಎಷ್ಟು ದಪ್ಪ ಇರಬೇಕು?
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಂದು ಅಡಿಯ ಆಸೆಯನ್ನು ಮೂರನೆಯ ಮಡಕೆಗೆ ಇಟ್ಟುಕೊಳ್ಳಿ. ಮೊದಲನೆಯದು 15 ಸೆಂ.ಮೀ. ಎತ್ತರ, 12 ಸೆಂ.ಮೀ. ಅಗಲದ, ಗೋಡೆ ನೇರವಾಗಿರುವ ಪಾತ್ರೆಯಾದರೆ ಸಾಕು. ಹೊಟ್ಟೆ, ಕಂಠ ಎಲ್ಲ ಆಮೇಲೆ.

ಗೋಡೆ ಕೊನೆಗೆ 8 ಮಿ.ಮೀ. ಉಳಿಯಬೇಕಾದರೆ ಬತ್ತಿ 12 ಮಿ.ಮೀ. ದಪ್ಪ ಇರಬೇಕು, ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನಷ್ಟು. 12 ಸೆಂ.ಮೀ. ಅಗಲದ ಒಂದು ಸುತ್ತಿಗೆ 38 ಸೆಂ.ಮೀ. ಉದ್ದ ಬೇಕು. ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸುವುದಕ್ಕೆ ಇನ್ನೆರಡು ಸೇರಿಸಿ 40 ಎಂದುಕೊಳ್ಳಿ. ಒತ್ತಿ ಸವರಿದ ಮೇಲೆ ಒಂದು ಬತ್ತಿಯಿಂದ ಸುಮಾರು 14 ಮಿ.ಮೀ. ಎತ್ತರ ಸಿಗುತ್ತದೆ. ಅಂದರೆ 15 ಸೆಂ.ಮೀ.ಗೆ ಹನ್ನೊಂದು ಬತ್ತಿ. ಒಂದೊಂದಕ್ಕೆ 85 ಗ್ರಾಂ, ತಳಕ್ಕೆ 170 ಗ್ರಾಂ, ಒಟ್ಟು 1.1 ಕೆ.ಜಿ. ಕತ್ತರಿಸಿ ಉಳಿಯುವುದು, ಮುರಿಯುವುದು, ಸ್ಲಿಪ್ (ಅಂಟಿಸಲು ಬಳಸುವ ಮಣ್ಣಿನ ಕಲಸು) ಮಾಡಿಕೊಳ್ಳುವುದು ಎಲ್ಲ ಸೇರಿ ಒಂದೂವರೆ ಕೆ.ಜಿ. ನಾದಿಟ್ಟುಕೊಂಡರೆ ಧಾರಾಳ.

ತಳಕ್ಕೆ 8 ಮಿ.ಮೀ. ದಪ್ಪದ ಎರಡು ಮರದ ಪಟ್ಟಿಗಳ ನಡುವೆ ಮಣ್ಣಿಟ್ಟು ಲಟ್ಟಣಿಗೆಯಿಂದ ಲಟ್ಟಿಸಿ. ಲಟ್ಟಣಿಗೆ ಪಟ್ಟಿಗಳ ಮೇಲೆ ಉರುಳುವುದರಿಂದ ದಪ್ಪ ತಾನಾಗಿಯೇ ಒಂದೇ ಸಮ ಬರುತ್ತದೆ. ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಸುತ್ತ ಕೊರೆದರೆ ಬಿಲ್ಲೆ ಸಿದ್ಧ. ಅದರ ಅಡಿಗೆ ಒಂದು ಹಾಳೆ ದಿನಪತ್ರಿಕೆ ಹಾಸುವುದನ್ನು ಮರೆಯಬೇಡಿ. ಒಣಗುವಾಗ ತಳ ಕುಗ್ಗುತ್ತದೆ. ಹಲಗೆಗೆ ಅಂಟಿಕೊಂಡಿದ್ದರೆ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ.

ಅಳತೆಯ ವಿಷಯ ಇನ್ನೊಂದಿದೆ. ಒಣಗಿ ಸುಟ್ಟು ಹೊರಬರುವಷ್ಟರಲ್ಲಿ ಮಡಕೆ ಚಿಕ್ಕದಾಗಿರುತ್ತದೆ. ಎಷ್ಟು ಎಂಬುದು ಮಣ್ಣಿನ ಮೇಲೆ ನಿಂತಿದೆ. ಹದವಾದ ಮಣ್ಣಿನ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು, ಒಣಗಿಸಿ, ಸುಟ್ಟು, ಮತ್ತೆ ಅಳೆಯಿರಿ. ಗೆರೆ 9 ಸೆಂ.ಮೀ. ಆಗಿದ್ದರೆ ಕುಗ್ಗುವಿಕೆ ಶೇ. 10. ಆಗ 20 ಸೆಂ.ಮೀ. ಪಾತ್ರೆ ಬೇಕಾದವರು ಹಸಿಯಲ್ಲಿ 22.2 ಸೆಂ.ಮೀ. ಕಟ್ಟಬೇಕು.

ಪ್ರಶ್ನೆ: ಬತ್ತಿ ಹೊಸೆದರೆ ದುಂಡಗೆ ಬರುವುದಿಲ್ಲ, ಪಟ್ಟಿಯಂತೆ ಚಪ್ಪಟೆಯಾಗುತ್ತದೆ. ಕೆಲವು ನಡುವೆ ಬಿರುಕು ಬಿಡುತ್ತವೆ.
— ಗೃಹಿಣಿ, ಮೈಸೂರು

ಉತ್ತರ: ಕೋಡುಬಳೆ ಹೊಸೆದು ಅಭ್ಯಾಸವಿರುವ ಕೈಗೆ ಈ ಕೆಲಸ ಅರ್ಧ ಗೊತ್ತಿರುತ್ತದೆ. ಆದರೆ ಉದ್ದ ಜಾಸ್ತಿಯಾದಾಗ ಎರಡು ತಪ್ಪುಗಳು ನುಸುಳುತ್ತವೆ. ಒಂದು, ಕೈಯನ್ನು ಬರೀ ಎರಡು ಮೂರು ಇಂಚು ಹಿಂದೆ ಮುಂದೆ ಆಡಿಸುವುದು. ಬತ್ತಿ ಒಂದು ಪೂರ್ತಿ ಸುತ್ತು ಉರುಳಬೇಕು. ಅರ್ಧ ಸುತ್ತಿಗೇ ಹಿಂದಕ್ಕೆ ಎಳೆದರೆ ಒಂದೇ ಬದಿಯ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಮೊಟ್ಟೆಯಾಕಾರ ಬರುತ್ತದೆ. ಬೆರಳ ತುದಿಯಿಂದ ಶುರುವಾಗಿ ಅಂಗೈ ಬುಡದವರೆಗೆ ಉರುಳಿಸಿ, ಕೈಗಳನ್ನು ನಡುವಿನಿಂದ ತುದಿಗಳ ಕಡೆಗೆ ಸರಿಸುತ್ತಾ ಹೋಗಿ. ಎರಡು, ಶುರುವಿನಲ್ಲೇ ಜೋರಾಗಿ ಒತ್ತುವುದು. ಮೊದಲು ಗಾಳಿಯಲ್ಲೇ ಎರಡೂ ಅಂಗೈ ನಡುವೆ ದಪ್ಪ ಸೌತೆಕಾಯಿಯಷ್ಟಕ್ಕೆ ಹಿಸುಕಿ, ಆಮೇಲೆ ಮೇಜಿಗೆ ತನ್ನಿ.

ಚಪ್ಪಟೆಯಾದದ್ದನ್ನು ಇನ್ನಷ್ಟು ಹೊಸೆಯುತ್ತಾ ಹೋದರೆ ಒಳಗೆ ಟೊಳ್ಳಾಗುತ್ತದೆ. ಎರಡೂ ತುದಿ ಹಿಡಿದು ಹಗ್ಗದಂತೆ ತಿರುಚಿ, ಮತ್ತೆ ಮೆತ್ತಗೆ ಹೊಸೆದರೆ ದುಂಡಾಗುತ್ತದೆ.

ಬಿರುಕಿಗೆ ಕಾರಣ ಹೆಚ್ಚಾಗಿ ಮೇಜು. ಸಿಮೆಂಟ್ ಕಟ್ಟೆ, ಲೇಪವಿಲ್ಲದ ಪ್ಲೈವುಡ್ ಎರಡೂ ಮಣ್ಣಿನ ನೀರು ಹೀರುತ್ತವೆ. ಸನ್‌ಮೈಕಾ ಹಾಕಿದ ಹಲಗೆಯ ಮೇಲೆ ಮಾಡಿ, ಇಲ್ಲವಾದರೆ ಮೇಜನ್ನು ಒದ್ದೆ ಸ್ಪಂಜಿನಿಂದ ಒರೆಸಿಕೊಳ್ಳಿ. ಕೈಗೆ ನೀರು ಹಚ್ಚಿಕೊಂಡು ಹೊಸೆಯಬೇಡಿ. ಮೇಲ್ಮೈ ಜಾರುತ್ತದೆ, ಒಳಗೆ ಮಣ್ಣು ಗಟ್ಟಿಯಾಗಿಯೇ ಇರುತ್ತದೆ. ಹೊಸೆದಿಟ್ಟ ಬತ್ತಿಗಳನ್ನು ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಡಿ, ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಕಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಒಣಗಿದ ಮೇಲೆ ಬತ್ತಿಗಳ ನಡುವೆ ಅಡ್ಡ ಬಿರುಕು. ಒಮ್ಮೆಯಂತೂ ಮೇಲಿನ ಅರ್ಧ ಉಂಗುರದಂತೆ ಕಳಚಿ ಬಂತು. ನೀರು ಹಚ್ಚಿಯೇ ಅಂಟಿಸುತ್ತೇನೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಈ ದೂರು ನಮಗೆ ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ನಿಮ್ಮ ಕೊನೆಯ ವಾಕ್ಯದಲ್ಲೇ ಅರ್ಧ ಕಾರಣವಿದೆ. ನೀರು ಮಣ್ಣನ್ನು ಅಂಟಿಸುವುದಿಲ್ಲ. ಎರಡು ಬತ್ತಿಗಳ ನಡುವೆ ತೆಳುವಾದ ನೀರಿನ ಪದರ ನಿಂತು, ಅದು ಆರಿದಾಗ ಅಲ್ಲಿ ಏನೂ ಉಳಿಯುವುದಿಲ್ಲ.

ಅಂಟಿಸಬೇಕಾದದ್ದು ಸ್ಲಿಪ್‌ನಿಂದ. ಅದು ಅದೇ ಮಣ್ಣಿನದ್ದೇ ಆಗಿರಬೇಕು. ಬೇರೆ ಮಣ್ಣಿನ ಸ್ಲಿಪ್ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಪೂರ್ತಿ ಒಣಗಿದ ಚೂರುಗಳನ್ನು ಪುಡಿ ಮಾಡಿ, ಮುಳುಗುವಷ್ಟು ನೀರಲ್ಲಿ ಒಂದು ರಾತ್ರಿ ನೆನೆಸಿ, ಮೇಲೆ ನಿಂತ ನೀರು ಬಸಿದು ಗಟ್ಟಿ ಮೊಸರಿನ ಹದಕ್ಕೆ ಕಲಸಿ. ಒಂದು ಲೋಟಕ್ಕೆ ಒಂದು ಟೀ ಚಮಚ ವಿನಿಗರ್ ಹಾಕಿದರೆ ಸ್ಲಿಪ್ ದಪ್ಪವಾಗಿ ನಿಲ್ಲುತ್ತದೆ.

ಕೆಳಗಿನ ಬತ್ತಿಯ ತಲೆಯ ಮೇಲೆ ಹಳೆಯ ಫೋರ್ಕ್‌ನಿಂದ ಎರಡು ಮೂರು ಮಿ.ಮೀ. ಆಳದ ಗೀರುಗಳನ್ನು ಎರಡು ದಿಕ್ಕಿನಲ್ಲಿ ಹಾಕಿ. ಹೊಸ ಬತ್ತಿಯ ಅಡಿಗೂ ಹಾಗೆಯೇ. ಸ್ಲಿಪ್ ಹಚ್ಚಿ, ಕೂರಿಸಿ, ಸ್ವಲ್ಪ ಅಲುಗಾಡಿಸುತ್ತಾ ಒತ್ತಿ. ಅಂಚಿನಲ್ಲಿ ಸ್ಲಿಪ್ ಸಣ್ಣಗೆ ಹೊರಬಂದರೆ ನಡುವೆ ಗಾಳಿ ಉಳಿದಿಲ್ಲ ಎಂದರ್ಥ. ಮಣ್ಣು ತುಂಬಾ ಮೆತ್ತಗಿರುವಾಗ, ಕಟ್ಟುವುದೆಲ್ಲ ಒಂದೇ ಕೂರಿಕೆಯಲ್ಲಿ ಮುಗಿಯುವುದಾದರೆ, ಗೀರು ಮತ್ತು ಸ್ಲಿಪ್ ಇಲ್ಲದೆಯೂ ನಡೆಯುತ್ತದೆ. ನುರಿತವರು ಹಾಗೇ ಮಾಡುತ್ತಾರೆ. ಆದರೆ ಹೊಸಬರು ಆ ಧೈರ್ಯ ಮಾಡಬೇಡಿ.

ಇಷ್ಟಾದರೂ ಬತ್ತಿ ನಿಂತಿರುವುದು ಬರೀ ಅಂಟಿನ ಮೇಲೆ. ನಿಜವಾದ ಕೂಡಿಕೆ ಹೆಬ್ಬೆರಳಿನದ್ದು. ಪಾತ್ರೆಯ ಒಳಗೆ ಎಡಗೈಯ ನಾಲ್ಕು ಬೆರಳು, ಹೊರಗೆ ಬಲಗೈಯ ಹೆಬ್ಬೆರಳು ಇಟ್ಟುಕೊಂಡು, ಮೇಲಿನ ಬತ್ತಿಯ ಮಣ್ಣನ್ನು ಕೆಳಗಿನದರ ಮೇಲಕ್ಕೆ ಎಳೆಯಿರಿ, ಸುಮಾರು ಒಂದು ಸೆಂ.ಮೀ. ಕೆಳಗಿನವರೆಗೆ. ಒಂದು ಸುತ್ತು ಪೂರ್ತಿ. ನಂತರ ಕೈ ಬದಲಿಸಿ ಒಳಗಡೆಯೂ ಅದೇ ಕೆಲಸ. ಎಳೆದ ಗುರುತುಗಳು ಒಂದಕ್ಕೊಂದು ತಾಗಿಯೇ ಇರಬೇಕು. ನಡುವೆ ಬತ್ತಿಗೆರೆ ಕಾಣಿಸಿತೆಂದರೆ ಅಲ್ಲಿ ಬಿರುಕಿಗೆ ಜಾಗ ಇಟ್ಟಂತೆಯೇ. ಎರಡು ಬತ್ತಿಯಾದ ಮೇಲೆ ತೆಂಗಿನ ಕರಟದ ನಯವಾದ ತುಂಡು ಅಥವಾ ಹಳೆಯ ಎಟಿಎಂ ಕಾರ್ಡಿನಿಂದ ಒತ್ತಿ ಸವರಿ. ಇದು ನುಣುಪಿಗಾಗಿ ಮಾಡುವುದಲ್ಲ, ಮಣ್ಣನ್ನು ಅದುಮಿ ಬಿಗಿ ಮಾಡುವುದಕ್ಕೆ. ಒಂದೊಂದು ಸುತ್ತಿನ ತುದಿ ಕೂಡುವ ಜಾಗವೂ ಒಂದರ ಮೇಲೊಂದು ಬರದಂತೆ, ಗೋಡೆಗೆ ಇಟ್ಟಿಗೆ ಇಡುವ ಕ್ರಮದಲ್ಲಿ, ಕಾಲು ಸುತ್ತು ಜರುಗಿಸಿಕೊಳ್ಳಿ.

ಇನ್ನು ಮೇಲಿನ ಅರ್ಧ ಉಂಗುರದಂತೆ ಕಳಚಿದ್ದು. ಬಹುಶಃ ಶನಿವಾರ ಅರ್ಧ ಕಟ್ಟಿ ಮುಂದಿನ ಶನಿವಾರ ಮುಂದುವರಿಸಿದ್ದೀರಿ. ಕೆಳಗಿನ ಭಾಗ ಆಗಲೇ ಕುಗ್ಗಿ ಮುಗಿಸಿತ್ತು. ಅದರ ಮೇಲೆ ಕೂತ ಹಸಿ ಬತ್ತಿ ಆಮೇಲೆ ಕುಗ್ಗಲು ಹೊರಟು ಬೆಸುಗೆ ಕಡಿದುಕೊಂಡಿತು. ಸ್ಲಿಪ್ ಎಷ್ಟೇ ಒಳ್ಳೆಯದಿದ್ದರೂ ಈ ಎಳೆದಾಟವನ್ನು ತಡೆಯದು. ಕೆಲಸ ನಿಲ್ಲಿಸುವಾಗ ಬಾಯಿಯ ಅಂಚಿಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ, ಇಡೀ ಪಾತ್ರೆಯನ್ನು ಪ್ಲಾಸ್ಟಿಕ್ ಚೀಲದಿಂದ ಬಿಗಿಯಾಗಿ ಮುಚ್ಚಿ. ಮತ್ತೆ ತೆರೆದಾಗ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಸುಲಭವಾಗಿ ಗುರುತು ಬಿದ್ದರೆ ಮುಂದುವರಿಸಿ. ಬಣ್ಣ ತಿಳಿಯಾಗಿ ಉಗುರು ಇಳಿಯದಿದ್ದರೆ ಆ ಪಾತ್ರೆಯನ್ನು ಅಷ್ಟಕ್ಕೇ ಮುಗಿಸಿ ಬಟ್ಟಲು ಎಂದು ಕರೆಯುವುದೇ ಮೇಲು.

ಪ್ರಶ್ನೆ: ನೇರವಾಗಿ ಕಟ್ಟಲು ಹೋದರೂ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಹೊಟ್ಟೆ ಮಾಡಲು ಹೋದರೆ ಕುಸಿಯುತ್ತದೆ.
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಒಂದೊಂದು ಸಲ ಹಿಸುಕಿದಾಗಲೂ ಮಣ್ಣು ತೆಳುವಾಗಿ ಉದ್ದವಾಗುತ್ತದೆ, ಸುತ್ತಳತೆ ಹಿಗ್ಗುತ್ತದೆ. ಹಾಗಾಗಿ ಪಾತ್ರೆ ನೇರವಾಗಿಯೇ ಇರಬೇಕಾದರೂ ಬತ್ತಿಯನ್ನು ಕೆಳಗಿನದರ ನಡು ನೆತ್ತಿಗಿಂತ ಒಂದೆರಡು ಮಿ.ಮೀ. ಒಳಕ್ಕೆ ಇಡಿ. ಒಳಕ್ಕೆ ಬಾಗಿಸಬೇಕಾದರೆ ಅರ್ಧ ಬತ್ತಿಯಷ್ಟು ಒಳಕ್ಕೆ, ಹೊಟ್ಟೆ ಬಿಡಬೇಕಾದರೆ ಅಷ್ಟೇ ಹೊರಕ್ಕೆ. ಆಗಲೇ ಅಗಲವಾಗಿಬಿಟ್ಟಿದ್ದರೆ ಅಂಚಿನಲ್ಲಿ ಎದುರುಬದುರು ಮೂರು ನಾಲ್ಕು ಕಡೆ ಇಂಗ್ಲಿಷಿನ ವಿ ಅಕ್ಷರದಂತೆ ತುಂಡು ಕತ್ತರಿಸಿ ತೆಗೆದು, ಸ್ಲಿಪ್ ಹಚ್ಚಿ ಕೂಡಿಸಿ. ಕಣ್ಣಳತೆ ನಂಬಬೇಡಿ. ದಪ್ಪ ರಟ್ಟಿನಲ್ಲಿ ಪಾತ್ರೆಯ ಅರ್ಧ ಆಕಾರ ಕತ್ತರಿಸಿಕೊಂಡು, ಪ್ರತಿ ಬತ್ತಿಯಾದ ಮೇಲೂ ಬದಿಗೆ ಹಿಡಿದು ನೋಡಿ.

ಕುಸಿಯುವುದು ಅವಸರದಿಂದ. ಮೂರು ನಾಲ್ಕು ಬತ್ತಿ ಏರಿಸಿ ನಿಲ್ಲಿಸಬೇಕು. ಕೆಳಗಿನ ಗೋಡೆ ಬೆರಳಿಗೆ ತಂಪಾಗಿ, ಒತ್ತಿದರೆ ಕಷ್ಟಪಟ್ಟು ಬಾಗುವಂತಾದ ಮೇಲೆ ಮುಂದಿನದು. ತುಮಕೂರಿನ ಸಾಧಾರಣ ದಿನದಲ್ಲಿ ಮುಕ್ಕಾಲು ಗಂಟೆ ಒಂದು ಗಂಟೆ ಬೇಕಾದೀತು, ಕಲಬುರಗಿಯ ಏಪ್ರಿಲ್‌ನಲ್ಲಿ ಕಾಲು ಗಂಟೆಯೇ ಹೆಚ್ಚು. ಎರಡು ಪಾತ್ರೆಗಳನ್ನು ಒಟ್ಟಿಗೆ ಕಟ್ಟಿದರೆ ಒಂದು ಗಟ್ಟಿಯಾಗುವಷ್ಟರಲ್ಲಿ ಇನ್ನೊಂದರ ಕೆಲಸ ನಡೆಯುತ್ತದೆ. ದುಂಡು ತಳದ ಪಾತ್ರೆಯಾದರೆ ಆಳವಿಲ್ಲದ ಬೋಗುಣಿಯೊಳಗೆ ಬಟ್ಟೆ ಹಾಸಿ ಅದರಲ್ಲೇ ಶುರು ಮಾಡಿ. ಅಮೆರಿಕದ ನ್ಯೂ ಮೆಕ್ಸಿಕೊದ ಪ್ಯೂಬ್ಲೊ ಮೂಲನಿವಾಸಿ ಕುಂಬಾರರು ಇಂಥದ್ದೇ ಆಧಾರದ ಬಟ್ಟಲು ಬಳಸುತ್ತಾರೆ.

ಪ್ರಶ್ನೆ: ನಮ್ಮ ಹೊಲದ ಎರೆಮಣ್ಣಿನಿಂದಲೇ ಮಾಡಬಹುದೇ? ಜಿಗುಟಂತೂ ಬೇಕಾದಷ್ಟಿದೆ.
— ರೈತ, ಗದಗ ಜಿಲ್ಲೆ

ಉತ್ತರ: ಬೇಡ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಬೇಸಿಗೆಯಲ್ಲಿ ನಿಮ್ಮ ಹೊಲ ಹೇಗೆ ಬಾಯಿ ಬಿಡುತ್ತದೋ ಮಡಕೆಯೂ ಹಾಗೆಯೇ ಬಿಡುತ್ತದೆ. ಅದರಲ್ಲಿ ಸುಣ್ಣದ ಹರಳು ಬೇರೆ ಇರುತ್ತದೆ. ಆವಿಗೆಯ (ಮಡಕೆ ಸುಡುವ ಗೂಡಿನ) ಕಾವಿನಲ್ಲಿ ಹರಳು ಸುಟ್ಟಸುಣ್ಣವಾಗಿ, ಸುಟ್ಟ ಎಷ್ಟೋ ದಿನಗಳ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮಡಕೆಯ ಮೈಯಿಂದ ನಾಣ್ಯದಗಲದ ಚಕ್ಕೆ ಎಬ್ಬಿಸುತ್ತದೆ. ಚಕ್ಕೆ ಬಿದ್ದ ಗುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಅದು ಸುಣ್ಣದ್ದೇ ಕೆಲಸ.

ಕೆರೆಯ ಹೂಳಿನ ಕೆಳಗಿನ ಜೇಡಿ ಸಿಕ್ಕರೆ ಪರೀಕ್ಷಿಸಿ ನೋಡಿ. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಮುರಿದರೆ ಮಣ್ಣಿನಲ್ಲಿ ಮರಳು ಹೆಚ್ಚು. ಸಣ್ಣ ಬಿರುಕಷ್ಟೇ ಬಂದರೆ ಒದ್ದೆ ಗೋಣಿಯಲ್ಲಿ ಸುತ್ತಿ ಕೆಲವು ವಾರ ಕೊಳೆಹಾಕಿ, ಹದ ಬರುತ್ತದೆ. ಒಣ ಮಣ್ಣಿನ ಮೇಲೆ ವಿನಿಗರ್ ಹಾಕಿದಾಗ ಬುರುಗು ಬಂದರೆ ಸುಣ್ಣವಿದೆ, ಬಿಟ್ಟುಬಿಡಿ. ಒಳ್ಳೆಯದೆನಿಸಿದ ಮಣ್ಣನ್ನು ನೀರಲ್ಲಿ ಕರಗಿಸಿ 60 ನಂಬರಿನ ಜರಡಿಯಲ್ಲಿ ಸೋಸಿ, ಬಟ್ಟೆಯ ಮೇಲೆ ಸುರಿದು ಗಟ್ಟಿಯಾಗಲು ಬಿಡಿ. ಆಮೇಲೆ ತೂಕದ ಶೇ. 10ರಿಂದ 20ರಷ್ಟು ಸಣ್ಣ ಮರಳು ಅಥವಾ ಸುಟ್ಟ ಮಡಕೆಯ ಪುಡಿ ಬೆರೆಸಿ. ಈ ಪುಡಿಗೆ ಸ್ಟುಡಿಯೋದವರು ಗ್ರಾಗ್ ಎನ್ನುತ್ತಾರೆ. ಅದು ಕುಗ್ಗುವುದನ್ನು ತಗ್ಗಿಸುತ್ತದೆ, ಒಳಗಿನ ತೇವಕ್ಕೆ ಹೊರಬರಲು ದಾರಿ ಕೊಡುತ್ತದೆ. ನಿಮ್ಮ ಕಡೆಯಿಂದ ಬೆಳಗಾವಿ ಜಿಲ್ಲೆಯ ಖಾನಾಪುರ ದೂರವೇನಲ್ಲ. ಕೆಂಪು ಮಣ್ಣಿನ ಕೆಲಸಕ್ಕೆ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ.

ಪ್ರಶ್ನೆ: ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಫ್ಯಾನ್ ಕೆಳಗಿಟ್ಟರೆ ಬಾಯಿ ಸೀಳಿತು.
— ಮಂಗಳೂರು

ಉತ್ತರ: ಒಂದು ಬದಿಗೆ ಗಾಳಿ ಬಿದ್ದರೆ ಆ ಬದಿ ಮೊದಲು ಕುಗ್ಗುತ್ತದೆ. ಬಾಯಿ, ಹಿಡಿಕೆ, ಮೂತಿ ತೆಳು, ಮೊದಲು ಒಣಗುತ್ತವೆ. ತಳ ಕೊನೆಗೆ. ಇವೆಲ್ಲ ಒಟ್ಟಿಗೆ ಒಣಗುವಂತೆ ಮಾಡುವುದಷ್ಟೇ ನಿಮ್ಮ ಕೆಲಸ. ಮೊದಲ ಎರಡು ದಿನ ಪಾತ್ರೆಗೆ ದಿನಪತ್ರಿಕೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಿ. ಕಾಗದ ಹನಿಗಟ್ಟಿದ ನೀರನ್ನು ಹೀರಿಕೊಳ್ಳುತ್ತದೆ, ದಿನಾ ಬದಲಿಸಿ. ಮೂರನೆಯ ದಿನ ಗೋಡೆ ಗಟ್ಟಿಯಾಗಿದ್ದರೆ ಬೋರಲು ಹಾಕಿ ತಳಕ್ಕೆ ಗಾಳಿ ಕೊಡಿ. ಆಮೇಲೆ ತಂತಿ ಜಾಲರಿಯ ಮೇಲಿಟ್ಟು ಮುಚ್ಚಿಗೆ ತೆಗೆಯಿರಿ. ಒಣ ಹವೆಯ ಊರಿನಲ್ಲಿ ವಾರ ಸಾಕು. ಜುಲೈನ ಕರಾವಳಿಯಲ್ಲಿ ಎರಡು ಮೂರು ವಾರ ಹಿಡಿದರೆ ಅದು ಸಹಜ. ಫ್ಯಾನನ್ನು ಗೋಡೆಯ ಕಡೆ ತಿರುಗಿಸಿಟ್ಟು ಕೋಣೆಯ ಗಾಳಿ ಆಡುವಂತೆ ಮಾಡಬಹುದು.

ಪ್ರಶ್ನೆ: ಬಿಸ್ಕ್, ಅಂದರೆ ಮೆರುಗು ಹಚ್ಚುವ ಮುಂಚೆ ಮೊದಲ ಸಲ, ಸುಡುವಾಗ ಮಡಕೆ ಸಿಡಿದು ಪಕ್ಕದವರದ್ದನ್ನೂ ಹಾಳುಮಾಡಿತು. ಮಣ್ಣಿನಲ್ಲಿ ಗಾಳಿಗುಳ್ಳೆ ಇತ್ತು ಎಂದರು. ಹೌದೇ?
— ಕಲಾಶಾಲೆಯ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಗಾಳಿಗುಳ್ಳೆಯ ಮೇಲೆ ಗೂಬೆ ಕೂರಿಸುವುದು ಎಲ್ಲ ಸ್ಟುಡಿಯೋಗಳ ಹಳೆಯ ಅಭ್ಯಾಸ. ಗಾಳಿ ಬಿಸಿಯಾಗಿ ಹಿಗ್ಗಿದರೂ ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಸಿಡಿಸುವುದು ನೀರು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಲು ನೋಡುತ್ತದೆ. ದಪ್ಪ ತಳದೊಳಗಿನ ಆವಿಗೆ ಬೇಗ ಹೊರದಾರಿ ಸಿಗುವುದಿಲ್ಲ. ಚೂರುಗಳನ್ನು ನೋಡಿ: ಸಿಡಿದದ್ದು 8 ಮಿ.ಮೀ. ಗೋಡೆಯೋ, ಒಂದೂವರೆ ಸೆಂ.ಮೀ. ತಳವೋ? ನಮ್ಮ ಊಹೆ ಎರಡನೆಯದು. ಪೂರ್ತಿ ಮುಚ್ಚಿದ ಟೊಳ್ಳು ಆಕಾರಕ್ಕೆ ಮಾತ್ರ ಸೂಜಿಯ ತೂತು ಬೇಕೇ ಬೇಕು.

ಒಣಗಿದೆಯೇ ಎಂದು ತಿಳಿಯಲು ತಳವನ್ನು ಕೆನ್ನೆಗೆ ಒತ್ತಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಆವಿಗೆಗೆ ಇಟ್ಟ ಮೇಲೂ 80–90 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ನಿಲ್ಲಿಸಿ. ಗಾಳಿಗಂಡಿಯ ಮುಂದೆ ಕನ್ನಡಿ ಹಿಡಿದಾಗ ಮಂಜು ಕಟ್ಟದಿದ್ದರೆ ಮೇಲೆ ಹೋಗಬಹುದು. 600 ಡಿಗ್ರಿವರೆಗೆ ಗಂಟೆಗೆ 60 ಡಿಗ್ರಿ ಮೀರಬೇಡಿ. 450ರಿಂದ 600ರ ನಡುವೆ ಮಣ್ಣಿನ ಕಣದೊಳಗೇ ಬೆಸೆದಿದ್ದ ನೀರು ಹೊರಬರುತ್ತದೆ, 573ರಲ್ಲಿ ಮಣ್ಣಿನಲ್ಲಿರುವ ಬೆಣಚು ಒಮ್ಮೆಗೇ ಹಿಗ್ಗುತ್ತದೆ. ಅಲ್ಲಿಂದ ಮುಂದೆ ಗಂಟೆಗೆ 100–120ರಂತೆ ಸುಮಾರು 1000 ಡಿಗ್ರಿಗೆ ಏರಿಸಿ. ಇಳಿಯುವಾಗಲೂ ಅದೇ 573 ದಾಟಬೇಕು. ಒಳಗೆ 100 ಡಿಗ್ರಿಗಿಂತ ಕೆಳಗಿಳಿಯದೆ ಬಾಗಿಲು ತೆರೆಯಬೇಡಿ. ಸಿಡಿದದ್ದಕ್ಕೂ ಸೀಳಿದ್ದಕ್ಕೂ ವ್ಯತ್ಯಾಸ ಗೊತ್ತಿರಲಿ: ಅಂಚು ಚೂಪಾದ ಒಂದೇ ಉದ್ದನೆಯ ಸೀಳಿದ್ದರೆ ಅದು ತಣಿಸುವ ಅವಸರದ್ದು.

ಪ್ರಶ್ನೆ: ಆವಿಗೆ ಇಲ್ಲದವರು ಅಡುಗೆಮನೆಯ ಓವನ್‌ನಲ್ಲಿ ಸುಡಬಹುದೇ?
— ಹಾಸನ

ಉತ್ತರ: ಇಲ್ಲ. ಓವನ್ 250 ಡಿಗ್ರಿಗೆ ನಿಲ್ಲುತ್ತದೆ. 600 ದಾಟದ ಮಣ್ಣು ನೀರಿಗೆ ಬಿದ್ದರೆ ಮತ್ತೆ ಕೆಸರೇ. ತೂತು ಕೊರೆದ ಹಳೆಯ ತಗಡಿನ ಡ್ರಮ್ಮಿನಲ್ಲಿ ಮರದ ಹೊಟ್ಟು ತುಂಬಿ, ಪಾತ್ರೆಗಳ ನಡುವೆ ಐದಾರು ಸೆಂ.ಮೀ. ಹೊಟ್ಟು ಇರುವಂತೆ ಜೋಡಿಸಿ, ಮೇಲಿನಿಂದ ಬೆಂಕಿ ಕೊಟ್ಟು ಮುಚ್ಚಿದರೆ ರಾತ್ರಿಯಿಡೀ ಹೊಗೆಯಾಡುತ್ತಾ ಉರಿಯುತ್ತದೆ. ಬಯಲಲ್ಲಿ ಮಾತ್ರ ಮಾಡಿ, ಹೊಗೆ ಬಹಳ. ಸಿಗುವುದು ಕಪ್ಪು ಬಣ್ಣದ, ನೀರು ಜಿನುಗುವ ಪಾತ್ರೆ. ಒಣಹೂವಿಗೆ ಸರಿ, ಊಟಕ್ಕಲ್ಲ. ಹತ್ತಿರದಲ್ಲಿ ಕುಂಬಾರರ ಆವಿಗೆ ಇದ್ದರೆ ಅವರು ಮುಂದಿನ ಸಲ ಸುಡುವಾಗ ಸೇರಿಸಿಕೊಳ್ಳಲು ಕೇಳಿ ನೋಡಿ, ಅದೇ ಉತ್ತಮ.

ಪ್ರಶ್ನೆ: ಬತ್ತಿ ಸುತ್ತುವುದು ಮಕ್ಕಳಿಗೆ ಕಲಿಸುವ ಕೆಲಸ, ನಿಜವಾದ ಕುಂಬಾರಿಕೆ ಎಂದರೆ ತಿಗುರಿ ಎನ್ನುತ್ತಾರೆ. ಎಷ್ಟು ಸರಿ?
— ಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ನಿಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದಾಗ, ಕಲ್ಲುಕೊಡಲಿಗಳ ಕಾಲದ ಪದರದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲೇ ಮಾಡಿದ ಬೂದು ಮಡಕೆಗಳು. ಅದು ಹಳೆಯ ಮಾತಾಯಿತು. ನೈಜೀರಿಯಾದ ಕುಂಬಾರ್ತಿ ಲಾಡಿ ಕ್ವಾಲಿ ತಿಗುರಿಯನ್ನೂ ಬಲ್ಲವರು. ಆದರೂ ದೊಡ್ಡ ಕೊಡಗಳನ್ನು ತಮ್ಮ ಗ್ವಾರಿ ಜನಾಂಗದ ಹೆಂಗಸರ ಕ್ರಮದಲ್ಲಿ, ಪಾತ್ರೆ ನಿಂತಲ್ಲೇ ನಿಂತಿರಲು ತಾವೇ ಅದರ ಸುತ್ತ ನಡೆಯುತ್ತಾ, ಬತ್ತಿಯಿಂದ ಕಟ್ಟುತ್ತಿದ್ದರು. ಅವರ ಚಿತ್ರ ಆ ದೇಶದ 20 ನೈರಾ ನೋಟಿನ ಮೇಲಿದೆ. ಕಪ್ಪಿನ ಮೇಲೆ ಕಪ್ಪು ಚಿತ್ತಾರದ ಮಡಕೆಗಳಿಗೆ ಹೆಸರಾದ ಪ್ಯೂಬ್ಲೊ ಕುಂಬಾರ್ತಿ ಮರಿಯಾ ಮಾರ್ಟಿನೆಜ್ (1887–1980) ತಿಗುರಿ ಬಳಸದೆ ಕಟ್ಟಿದವರು. ಕೊರಿಯಾದಲ್ಲಿ ಕಿಮ್ಚಿ, ಸೋಯಾ ಹುದುಗಿಸುವ ಓಂಗಿ ಹಂಡೆಗಳನ್ನು ದಪ್ಪ ಬತ್ತಿಯಿಂದ ಏರಿಸಿ, ಒಳಗೆ ಗುಂಡು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಿಗಿ ಮಾಡುತ್ತಾರೆ. ಮಣಿಪುರದ ಆಂಡ್ರೊ ಊರಿನ ಹೆಂಗಸರಿಗೂ ತಿಗುರಿ ಬೇಕಿಲ್ಲ. ತಿಗುರಿಯಲ್ಲಿ ವೇಗ ಇದೆ, ಒಂದೇ ಅಳತೆಯ ನೂರು ಕುಡಿಕೆ ಬೇಕಾದರೆ ಅದೇ ಸರಿ. ಸೊಂಟದೆತ್ತರದ ಪಾತ್ರೆ, ದುಂಡಗಲ್ಲದ ಆಕಾರ ಬೇಕಾದವರಿಗೆ ಬತ್ತಿ ಅನುಕೂಲ.

ಮಕ್ಕಳ ಕೈಲಿ ಮಾಡಿಸುವಾಗ ಒಣ ಮಣ್ಣನ್ನು ಮರಳುಕಾಗದದಿಂದ ಉಜ್ಜಿಸಬೇಡಿ. ಆ ದೂಳಿನ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಸ್ಪಂಜಿನಿಂದ ನಯ ಮಾಡಿಸಿ, ನೆಲವನ್ನು ಗುಡಿಸದೆ ಒರೆಸಿಸಿ.

ಪ್ರಶ್ನೆ: ಹೊರಗಡೆ ಬತ್ತಿಗಳ ಗೆರೆ ಹಾಗೆಯೇ ಕಾಣಲಿ ಎಂದು ಆಸೆ. ಗಟ್ಟಿಯಿರುತ್ತದೆಯೇ?
— ದುಬೈ

ಉತ್ತರ: ಇರುತ್ತದೆ, ಒಳಗಡೆ ಚೆನ್ನಾಗಿ ಎಳೆದು ಕೂಡಿಸಿದ್ದರೆ. ಹೊರಗೆ ಕೈಯಾಡಿಸದ ಕಾರಣ ಬತ್ತಿ 15 ಮಿ.ಮೀ. ಇರಲಿ, ಗೀರು ಮತ್ತು ಸ್ಲಿಪ್ ತಪ್ಪಿಸಬೇಡಿ, ಹೊರಬಂದ ಸ್ಲಿಪ್ಪನ್ನು ಅರೆ ಒಣಗಿದಾಗ ಕಡ್ಡಿಯಿಂದ ತೆಗೆಯಿರಿ.

ಪ್ರಶ್ನೆ: ಸುಡದ ಮಡಕೆ ಮುರಿದಿದೆ. ಮಣ್ಣು ಮತ್ತೆ ಬಳಕೆಗೆ ಬರುತ್ತದೆಯೇ? ನೀರಲ್ಲಿ ಹಾಕಿ ವಾರವಾದರೂ ಗಂಟುಗಂಟಾಗಿಯೇ ಇದೆ.
— ಉಡುಪಿ

ಉತ್ತರ: ಬರುತ್ತದೆ. ಅರೆಬರೆ ಒದ್ದೆ ಇರುವಾಗಲೇ ನೆನೆಹಾಕಿದ್ದೀರಿ. ಆ ಹದದ ಮಣ್ಣಿಗೆ ನೀರು ಒಳಹೋಗುವುದಿಲ್ಲ. ಗಂಟುಗಳನ್ನು ತೆಗೆದು ಬಿಸಿಲಿಗೆ ಹರಡಿ, ಮುರಿದರೆ ಪಟ್ಟನೆ ಸದ್ದು ಬರುವಷ್ಟು ಒಣಗಿಸಿ, ಸುತ್ತಿಗೆಯಿಂದ ಚೂರು ಮಾಡಿ ನೀರಿಗೆ ಹಾಕಿ. ಕಣ್ಣೆದುರೇ ಕರಗುತ್ತದೆ. ಆ ನೀರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಿಳಿಯನ್ನು ಗಿಡಕ್ಕೆ ಹಾಕಿ, ತಳದ ಮಣ್ಣನ್ನು ಹಳೆಯ ದಿಂಬಿನ ಚೀಲದಲ್ಲಿ ಕಟ್ಟಿ ತೂಗುಹಾಕಿ.